ಹಳೆಯ ಅಗ್ಗದ ಮೋಟಾರೂ ಹೊಸ ವೈಭವದ ಮೋಟಾರೂ

ವೈಭವದ ವಸ್ತುಗಳು ಧನಿಕರಿಗೆ ಮಾತ್ರ ಸಲ್ಲತಕ್ಕವೆಂದೂ, ಅವುಗಳಿಂದ ಸಾಮಾನ್ಯ ಗೃಹಸ್ಥನಿಗೆ ಆಗಬೇಕಾದುದೇನೂ ಇಲ್ಲವೆಂದೂ ಭಾವಿಸುವುದು ಲೋಕರೂಢಿ. ಈ ಭಾವನೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು, ಎರಡು ಮೋಟಾರು ಗಾಡಿಗಳನ್ನು ಎದುರೆದುರು ನಿಲ್ಲಿಸಿ ಈ ತಿಂಗಳು ವಿಚಾರಮಾಡುವೆವು.

ಮೊದಲನೆಯದು ಅಮೆರಿಕಾ ದೇಶದ ಹೆನ್ರಿ ಫೋರ್ಡನು 1908ರಲ್ಲಿ ಹೊರತಂದ ‘ಮಾಡೆಲ್ ಟಿ’. ಮೊದಲು 850 ಡಾಲರಿದ್ದ ಅದರ ಬೆಲೆಯು ವರ್ಷವರ್ಷಕ್ಕೂ ಇಳಿದು ಕೊನೆಗೆ 300 ಡಾಲರಿಗಿಂತಲೂ ಕೆಳಗೆ ಬಂದಿತು. 1927ರಲ್ಲಿ ತಯಾರಿಕೆಯು ನಿಲ್ಲುವ ವೇಳೆಗೆ ಒಂದೂವರೆ ಕೋಟಿ ಗಾಡಿಗಳು ಸಿದ್ಧವಾಗಿದ್ದುವು. ಎರಡನೆಯದು ಜರ್ಮನಿಯ ಮರ್ಸಿಡಿಸ್-ಬೆಂಜ್ ಸಂಸ್ಥೆಯವರು 2020ರಲ್ಲಿ ಪ್ರಕಟಿಸಿದ ‘ಎಸ್-ಕ್ಲಾಸ್’.

ಸೋಜಿಗವೇನೆಂದರೆ, ಇವೆರಡರ ಯಂತ್ರಗಳ ಗಾತ್ರವು ಹೆಚ್ಚುಕಡಿಮೆ ಒಂದೇ. ಫೋರ್ಡಿನದು ಸುಮಾರು 2.9 ಲೀಟರು, ಹೊಸ ಗಾಡಿಯ ‘ಎಸ್ 500’ ಎಂಬ ಬಗೆಯದು ಸುಮಾರು 3 ಲೀಟರು. ಆದರೆ ಅದರ ಬಲವು 20 ಕುದುರೆಗಳದು, ಇದರದು 435!

ಹಳೆಯ ಗಾಡಿಯನ್ನು ಹೊರಡಿಸುವುದು ಸುಲಭವಾಗಿರಲಿಲ್ಲ. ಮುಂದೆ ನಿಂತು ಕಬ್ಬಿಣದ ಹಿಡಿಯನ್ನು ತಿರುವಬೇಕು. ಕಿಡಿಯ ಸನ್ನೆಯನ್ನು ಸರಿಯಾಗಿ ಇಡದಿದ್ದರೆ ಹಿಡಿಯು ಹಿಂದಕ್ಕೆ ಒದೆದು ಕೈಮೂಳೆಯನ್ನು ಮುರಿಯುತ್ತಿದ್ದುದೂ ಉಂಟು. ಪೆಟ್ರೋಲು ಆಸನದ ಕೆಳಗಿನ ತೊಟ್ಟಿಯಿಂದ ತಾನಾಗಿಯೇ ಇಳಿದು ಯಂತ್ರಕ್ಕೆ ಸೇರಬೇಕಾಗಿದ್ದುದರಿಂದ, ಅದು ಕಡಮೆಯಾದಾಗ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಬೇಕಾಗುತ್ತಿತ್ತು. ಆದರೂ ಕೆಟ್ಟರೆ, ಹಳ್ಳಿಯ ಒಕ್ಕಲಿಗನೇ ನಾಲ್ಕು ಸಾಮಾನುಗಳಿಂದ ಅದನ್ನು ರಿಪೇರಿಮಾಡಿಕೊಳ್ಳುತ್ತಿದ್ದನು. ಹೊಸ ಗಾಡಿಯಾದರೋ ಗುಂಡಿಯನ್ನೊತ್ತಿದರೆ ಹೊರಡುವುದು. ಕೆಟ್ಟರೆ ಅದರ ಒಡೆಯನು ಕೈಕಟ್ಟಿ ಕುಳಿತು, ಗಣಕಯಂತ್ರವನ್ನು ಬಲ್ಲ ಕುಶಲಿಗಾಗಿ ಕಾಯಬೇಕು. ಸ್ವಾವಲಂಬನದಲ್ಲಿ ಹಳೆಯದೇ ಮೇಲೆಂದು ಒಪ್ಪಲೇಬೇಕು.

ಆದರೆ ಗೃಹಸ್ಥನು ಗಾಡಿಯಲ್ಲಿ ಕೂರಿಸುವುದು ಹೆಂಡತಿಮಕ್ಕಳನ್ನಲ್ಲವೇ? ಆ ಫೋರ್ಡಿನಲ್ಲಿ ಆಸನಪಟ್ಟಿಯಿರಲಿಲ್ಲ. ಅಪಘಾತದಲ್ಲಿ ಕೂತವರನ್ನು ಕಾಯುವ ಸಾಧನವು ಒಂದೂ ಇರಲಿಲ್ಲ. ಹೊಸದರಲ್ಲಿ ಹಿಂದಿನ ಆಸನದವರ ಮುಖದೆದುರಿಗೂ ಗಾಳಿಚೀಲವು ಅರಳುವಂತೆ ಏರ್ಪಾಡಾಗಿದೆ.

ಇಂತಹ ಸಾಧನಗಳು ಸಿರಿವಂತರಲ್ಲಿಯೇ ನಿಂತುಬಿಡಲಿಲ್ಲವೆಂಬುದೇ ಸಮಾಧಾನದ ಸಂಗತಿ. ಬಿರಿಯೊತ್ತಿದಾಗ ಚಕ್ರಗಳು ಬಿಗಿದು ಗಾಡಿಯು ಜಾರದಂತೆ ತಡೆಯುವ ‘ಏಬಿಎಸ್’ ಎಂಬ ಏರ್ಪಾಡು 1978ರಲ್ಲಿ ಇದೇ ಎಸ್-ಕ್ಲಾಸಿಗೆ ದೊರಕಿತು. 2019ರಿಂದ ನಮ್ಮ ದೇಶದಲ್ಲಿ ಮಾರುವ ಅಗ್ಗದ ಹೊಸ ಕಾರಿಗೂ ಅದು ಕಡ್ಡಾಯ. ಮೂರು ಕಡೆ ಬಿಗಿಯುವ ಆಸನಪಟ್ಟಿಯನ್ನು 1959ರಲ್ಲಿ ಬಳಕೆಗೆ ತಂದ ಸ್ವೀಡನ್ನಿನ ವೋಲ್ವೋ ಸಂಸ್ಥೆಯವರು, ಇತರ ಕಾರ್ಖಾನೆಗಳೂ ಅದನ್ನು ಬಳಸುವಂತೆ ಬಿಟ್ಟುಕೊಟ್ಟರು. ಇಂದು ಅದಿಲ್ಲದ ಹೊಸ ಕಾರೇ ಇಲ್ಲ.

ಆದುದರಿಂದ ಕಾರು ಕೊಳ್ಳಹೊರಟ ನಮ್ಮ ವಾಚಕರು ತೊಗಲಿನ ಮೆತ್ತೆಯನ್ನೂ ಬಣ್ಣದ ದೀಪಗಳನ್ನೂ ನೋಡುವುದಕ್ಕೆ ಮೊದಲು, ಗಾಳಿಚೀಲಗಳೆಷ್ಟು, ಮಗುವಿನ ಆಸನವನ್ನು ಬಿಗಿಯಲು ಅನುಕೂಲವುಂಟೇ ಎಂದು ವಿಚಾರಿಸಲಿ. ಈಗಾಗಲೇ ಕಾರುಳ್ಳವರು ಹಿಂದೆ ಕೂತ ಅಜ್ಜಿಗೂ ಮೊಮ್ಮಕ್ಕಳಿಗೂ ಪಟ್ಟಿಯನ್ನು ಬಿಗಿಯದೆ ಮನೆಯ ಬಾಗಿಲನ್ನು ಬಿಡಕೂಡದು. ದೂರ ಸ್ವಲ್ಪವೇ ಆದರೂ ಈ ನಿಯಮವನ್ನು ತಪ್ಪಿಸಬಾರದು. ಇದಕ್ಕೆ ಕಾಸಿನ ಖರ್ಚೂ ಇಲ್ಲ.