ಮಗುವಿನ ನೋವಿಗೆ ಮಡಿವಂತಿಕೆ ಬೇಡ

ಸಾಹಿತ್ಯದ ಪುಟದಲ್ಲಿ ಮಲದ ಮಾತೇ ಎಂದು ಕೆಲವರಾದರೂ ಹುಬ್ಬು ಗಂಟಿಕ್ಕಬಹುದು. ಆದರೆ ಮನುಷ್ಯನ ನೋವು ಇರುವ ಕಡೆಯಲ್ಲೆಲ್ಲ ಮಾತಿಗೆ ಕೆಲಸವಿದೆ. ಮಾತಿಗೆ ಕೆಲಸವಿರುವ ಕಡೆ ಭಾಷೆಯ ಮೇಷ್ಟರಿಗೂ ಇದೆ. ಎರಡು ಮೂರು ವರ್ಷದ ಮಗು ಹೊರಕಡೆಗೆ ಕುಳಿತು ಚೀರಿದಾಗ, ತೊಳೆಯಹೋದ ತಾಯಿಯ ಬೆರಳಿಗೆ ಒಂದೆರಡು ಹನಿ ನೆತ್ತರು ತಗಲಿದಾಗ, ಆ ಮನೆಯಲ್ಲಿ ಹುಟ್ಟುವ ದಿಗಿಲು ಸಾಮಾನ್ಯವಾದುದಲ್ಲ. ಆದರೆ ಆ ನೆತ್ತರಿಗಿಂತ ಹೆಚ್ಚಿನ ಕೇಡನ್ನು ಅದರ ಸುತ್ತ ನಾವು ಕಟ್ಟಿಕೊಂಡಿರುವ ನಾಚಿಕೆ ಮಾಡುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ಕನ್ನಡಕ್ಕೆ ಶಬ್ದದಾರಿದ್ರ್ಯವಿಲ್ಲ, ಸಂಕೋಚದ ಸಮೃದ್ಧಿಯಿದೆ. ಬಹಿರ್ದೆಸೆ, ಹೊರಕಡೆ, ಬಯಲಕಡೆ, ಕೆರೆಯಕಡೆ - ಇವೆಲ್ಲ ದಿಕ್ಕನ್ನು ತೋರಿಸುವ ಮಾತುಗಳು. ಶಾಲೆಯಲ್ಲಿ ‘ಒಂದಕ್ಕೆ’, ‘ಎರಡಕ್ಕೆ’ ಎನ್ನುತ್ತೇವೆ. ಅದು ಲೆಕ್ಕದ ಮಾತು. ದಿಕ್ಕೂ ಲೆಕ್ಕವೂ ಸಭ್ಯತೆಗೆ ಸಾಕು, ವೈದ್ಯರಿಗೆ ಸಾಲವು. ನೆತ್ತರು ಹೊಸ ಕೆಂಪೋ ಕಪ್ಪೋ, ಮಲದ ಮೇಲೆ ಗೆರೆಯಂತಿತ್ತೋ ಒಳಗೆ ಕಲೆತಿತ್ತೋ, ಮಲ ಗಟ್ಟಿಯೋ ನೀರೋ ಎಂದು ಅವರು ಕೇಳಿದರೆ, “ಏನೋ ಸ್ವಲ್ಪ ತೊಂದರೆ, ಡಾಕ್ಟರೆ” ಎಂದು ತಂದೆ ನೆಲ ನೋಡುತ್ತಾನೆ.

ನನ್ನ ಕಿರಿಯ ಮಗಳಿಗೆ ಮೂರು ವರ್ಷವಾಗಿದ್ದಾಗ ನಮ್ಮ ಮನೆಯಲ್ಲಿಯೂ ಈ ದಿಗಿಲು ಹುಟ್ಟಿತ್ತು. ನನ್ನ ತಾಯಿ “ಉಷ್ಣ ಕಣಪ್ಪ” ಎಂದರು. ನೆರೆಯವರು ಮೂಲವ್ಯಾಧಿ ಎಂದರು. ಎಳೆಯ ಮಕ್ಕಳಲ್ಲಿ ಮೂಲವ್ಯಾಧಿ ಬಹಳ ಅಪರೂಪ. ವೈದ್ಯರು ನೋಡಿ ಹೇಳಿದ್ದು ಸರಳವಾಗಿತ್ತು: ಗಟ್ಟಿಯಾದ ಮಲ ಹೊರಬರುವಾಗ ಗುದದ್ವಾರದ ಎಳೆಯ ಚರ್ಮ ಸೀಳಿದೆ, ಅಷ್ಟೆ. ಆದರೆ ಆ ಸಣ್ಣ ಸೀಳು ದೊಡ್ಡ ವಿಷಚಕ್ರವೊಂದನ್ನು ತಿರುಗಿಸುತ್ತದೆ. ನೋವಿಗೆ ಹೆದರಿದ ಮಗು ಮಲವನ್ನು ತಡೆಯುತ್ತದೆ. ತಡೆದ ಮಲದ ನೀರನ್ನು ದೊಡ್ಡಕರುಳು ಹೀರಿಕೊಳ್ಳುತ್ತದೆ. ಅದು ಇನ್ನೂ ಗಟ್ಟಿಯಾಗಿ ಮತ್ತೆ ಸೀಳುತ್ತದೆ. ಮಗು ಕಾಲು ಬಿಗಿದು ಮೂಲೆಯಲ್ಲಿ ನಿಂತರೆ ಅದನ್ನು ಹಟವೆಂದು ಬಯ್ಯುವವರುಂಟು. ಅದು ಹಟವಲ್ಲ, ಭಯ. ಬೈಗುಳದಿಂದ ಭಯ ಹೆಚ್ಚುತ್ತದೆಯೇ ಹೊರತು ಮಲ ಮೆತ್ತಗಾಗುವುದಿಲ್ಲ.

ಅಜ್ಜಿಯರ ‘ಉಷ್ಣ’ವನ್ನು ನಾನು ನಗುವುದಿಲ್ಲ. ಆ ಮಾತಿನ ಹಿಂದೆಯೇ ಮಜ್ಜಿಗೆ, ನೀರು, ನೆನೆಸಿದ ಒಣದ್ರಾಕ್ಷಿ, ಪರಂಗಿಹಣ್ಣು ಬರುತ್ತವೆ. ಕಾರಣದ ಹೆಸರು ಬೇರೆಯಾದರೂ ಉಪಚಾರ ಬಹುಮಟ್ಟಿಗೆ ಸರಿಯೇ. ಸೊಪ್ಪು, ತರಕಾರಿ, ರಾಗಿ ಇವು ಬೇಕು. ಊಟದ ಬದಲಿಗೆ ಹಾಲನ್ನೇ ಕುಡಿಸುತ್ತಿದ್ದರೆ ಅದನ್ನು ಕಡಿಮೆ ಮಾಡಬೇಕು. ಊಟವಾದ ಮೇಲೆ ಕರುಳು ತಾನಾಗಿ ಚಲಿಸುವುದರಿಂದ, ಆಗ ಐದು ನಿಮಿಷ, ಕಾಲಿಗೆ ಆಸರೆ ಕೊಟ್ಟು, ಗದರಿಸದೆ ಕೂರಿಸಬೇಕು. ಮಲ ಮೆತ್ತಗಾಗಿಸುವ ಔಷಧವನ್ನು ವೈದ್ಯರು ಕೊಟ್ಟರೆ, ಒಂದು ದಿನ ಸರಿಹೋಯಿತೆಂದು ನಿಲ್ಲಿಸದೆ ಅವರು ಹೇಳಿದಷ್ಟು ಕಾಲ ಕೊಡಬೇಕು. ಆದರೆ ವೈದ್ಯರನ್ನು ಕೇಳದೆ ಹರಳೆಣ್ಣೆ ಕುಡಿಸುವುದು ಸಲ್ಲದು.

ಧೈರ್ಯ ಹೇಳುವುದು ಉದಾಸೀನ ಕಲಿಸುವುದಾಗಬಾರದು. ಮಲ ಟಾರಿನಂತೆ ಕಪ್ಪಾಗಿದ್ದರೆ, ನೆತ್ತರು ಹೆಚ್ಚಾಗಿದ್ದರೆ, ಜ್ವರದೊಡನೆ ರಕ್ತಭೇದಿಯಾದರೆ ತಡಮಾಡದೆ ಹೋಗಬೇಕು. ಕೂಸು ಬಿಟ್ಟುಬಿಟ್ಟು ಚೀರುತ್ತ, ವಾಂತಿ ಮಾಡುತ್ತ, ಕೆಂಪು ಲೋಳೆಯಂತಹ ಮಲವನ್ನು ಹಾಕಿದರೆ ಒಂದು ಗಳಿಗೆಯೂ ಕಾಯಬಾರದು; ಕರುಳಿನೊಳಗೆ ಕರುಳು ಹೊಕ್ಕಿರಬಹುದು. ನೋವಿಲ್ಲದೆ ಪದೇಪದೇ ನೆತ್ತರು ಕಂಡರೂ ತೋರಿಸಲೇಬೇಕು. ಒಂದು ವರ್ಷ ತುಂಬದ ಕೂಸಿನಲ್ಲಿ ಎಷ್ಟು ಕಂಡರೂ ವೈದ್ಯರೇ ನೋಡಬೇಕು. ಈ ಭೇದಗಳನ್ನೆಲ್ಲ ತಿಳಿಯಬೇಕಾದರೆ ಮೊದಲು ಅಸಹ್ಯಪಡದೆ ನೋಡಬೇಕು, ಆಮೇಲೆ ನಾಚದೆ ಹೇಳಬೇಕು.

ಇನ್ನು ನಮ್ಮ ಶಾಲೆಗಳು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಶಾಲೆಗೆ ಕುಡಿಯುವ ನೀರೂ, ಹುಡುಗ ಹುಡುಗಿಯರಿಗೆ ಬೇರೆಬೇರೆ ಶೌಚಾಲಯಗಳೂ ಇರಬೇಕೆಂದು ವಿಧಿಸಿದೆ. ಕಟ್ಟಡ ಕಟ್ಟಿದರೆ ವಿಧಿ ತೀರಿತು. ಮಗುವಿನ ಅವಶ್ಯಕತೆ ತೀರಲಿಲ್ಲ. ಬಾಗಿಲಿಗೆ ಅಗುಳಿಯಿಲ್ಲದ, ತೊಟ್ಟಿಯಲ್ಲಿ ನೀರಿಲ್ಲದ ಶೌಚಾಲಯಕ್ಕೆ ಹೋಗಲೊಲ್ಲದೆ ಸಂಜೆಯವರೆಗೆ ತಡೆಯುವ ಮಕ್ಕಳಿದ್ದಾರೆ; ಹೋಗಬೇಕಾದೀತೆಂದು ನೀರನ್ನೇ ಕುಡಿಯದವರಿದ್ದಾರೆ. ಎರಡು ಬೆರಳೆತ್ತಿದ ಹುಡುಗನಿಗೆ “ಈಗಲೇ ಬಂತೇನೋ?” ಎಂದು ತರಗತಿಯೆಲ್ಲ ನಗುವಂತೆ ಕೇಳುವ ಉಪಾಧ್ಯಾಯ, ತನಗರಿವಿಲ್ಲದೆ ಒಂದು ರೋಗಕ್ಕೆ ನೀರೆರೆಯುತ್ತಾನೆ.

ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934-1991) ದೇಹದ ವಿಷಯವನ್ನು ಮನೆಮಾತಿನ ಕನ್ನಡದಲ್ಲಿ, ಅಶ್ಲೀಲವೂ ಆಗದೆ ಶಾಸ್ತ್ರಜಡವೂ ಆಗದೆ ಹೇಳಬಹುದೆಂದು ತೋರಿಸಿಕೊಟ್ಟರು. ಆ ಕನ್ನಡ ಪುಸ್ತಕದ ಕಪಾಟಿನಿಂದ ಬಚ್ಚಲುಮನೆಯವರೆಗೆ, ತರಗತಿಯವರೆಗೆ ಬರಬೇಕು. “ಅಮ್ಮಾ, ಕಕ್ಕ ಮಾಡುವಾಗ ನೋಯುತ್ತದೆ” ಎಂದು ಮಗು ಅಂಜದೆ ಹೇಳುವ ಮನೆಯೇ ಸುಸಂಸ್ಕೃತವಾದ ಮನೆ.