ಅಂಕದ ಮಣ್ಣು, ನೋಡುವ ಕಣ್ಣು

ರೋಮಿನ ಗ್ಲಾಡಿಯೇಟರುಗಳ ಬದುಕನ್ನು ಕುರಿತ ‘ಸ್ಪಾರ್ಟಕಸ್’ ಧಾರಾವಾಹಿ ಅಮೆರಿಕದ ಸ್ಟಾರ್ಜ್ ವಾಹಿನಿಯಲ್ಲಿ 2010ರಿಂದ 2013ರವರೆಗೆ ಪ್ರಸಾರವಾಯಿತು. ಕತ್ತಿಯ ಏಟಿಗೊಮ್ಮೆ ತೆರೆಯ ತುಂಬ ನೆತ್ತರು ಚಿಮ್ಮುವ, ಕಡಿದ ಅಂಗಾಂಗಗಳು ನಿಧಾನಗತಿಯಲ್ಲಿ ನೆಲಕ್ಕುರುಳುವ ದೃಶ್ಯಗಳನ್ನು ಕಂಡು ಕೆಲವು ಪ್ರೇಕ್ಷಕರು ಮೊದಲ ಕಂತುಗಳಲ್ಲೇ ಹೇಸಿ ದೂರ ಸರಿದರು. ಮತ್ತೆ ಕೆಲವರು ಆ ನೆತ್ತರನ್ನು ಸಹಿಸಿಕೊಂಡು ಮುಂದುವರಿದು ಗುಲಾಮರ ಬಂಡಾಯದ ಕತೆಗೆ ಮನಸೋತರು. ಇನ್ನೊಂದು ವರ್ಗಕ್ಕೆ ನೆತ್ತರೇ ಆಕರ್ಷಣೆಯಾಯಿತು. 2024ರಲ್ಲಿ ‘ದೋಸ್ ಅಬೌಟ್ ಟು ಡೈ’ ಎಂಬ ಧಾರಾವಾಹಿಯ ಮೂಲಕ ಅದೇ ಲೋಕ ಮತ್ತೊಮ್ಮೆ ತೆರೆಗೆ ಬಂತು.

ಇಂಥ ಧಾರಾವಾಹಿಗಳು ಈಗ ದೂರದ ಮಹಾನಗರಗಳ ಸೊತ್ತಾಗಿ ಉಳಿದಿಲ್ಲ. ಲೋಹಾರಾ, ಉಮರಗಾ, ನಿಲಂಗಾ, ಉದಗೀರಗಳ ವಿದ್ಯಾರ್ಥಿಗಳ ಕೈಯ ಮೊಬೈಲಿಗೂ ಅವು ಎಟುಕುತ್ತವೆ. ಹಗಲು ತರಗತಿಯಲ್ಲಿ ರನ್ನನ ಗದಾಯುದ್ಧವನ್ನು ಓದುವವರೇ ರಾತ್ರಿ ಕೊಲೊಸಿಯಂನ ಕಾಳಗವನ್ನು ನೋಡುವುದು ಅಸಂಭವವಲ್ಲ. ಈ ಎರಡು ಅನುಭವಗಳಿಗೆ ಪರಸ್ಪರ ಸಂಬಂಧವೇ ಇಲ್ಲವೆಂದು ಭಾವಿಸುವುದು ಸಾಹಿತ್ಯದ ವಿದ್ಯಾರ್ಥಿಗೆ ತಕ್ಕುದಲ್ಲ.

ಇಂಥ ಕೃತಿಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ‘ಇಷ್ಟು ರಕ್ತ ಬೇಕಿತ್ತೇ?’ ಎಂಬುದು. ಅದು ಅಳತೆಯ ಪ್ರಶ್ನೆ. ಒಬ್ಬನಿಗೆ ಹೆಚ್ಚಾದುದು ಇನ್ನೊಬ್ಬನಿಗೆ ಕಡಿಮೆ ಎನಿಸಬಹುದು. ಅದಕ್ಕಿಂತ ಮುಖ್ಯವಾದುದು ಸ್ಥಾನದ ಪ್ರಶ್ನೆ. ಕೃತಿಯು ನೋಡುವವನನ್ನು ಎಲ್ಲಿ ಕೂರಿಸುತ್ತದೆ? ಕೇಕೆ ಹಾಕುವ ಜನಸಂದಣಿಯ ನಡುವೆಯೋ, ನೆಲಕ್ಕೆ ಬಿದ್ದವನ ಪಕ್ಕದಲ್ಲೋ?

ರೋಮಿನಲ್ಲಿ ಈ ಪ್ರಶ್ನೆ ಪ್ರೇಕ್ಷಕರಿಂದಲೇ ಹುಟ್ಟಿತು ಎಂಬುದು ಗಮನಾರ್ಹ. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಕೊಲೊಸಿಯಂ ಅನ್ನು ಉದ್ಘಾಟಿಸಿ ನೂರು ದಿನಗಳ ಪ್ರದರ್ಶನ ಏರ್ಪಡಿಸಿದ್ದ. ಅಂಥ ಕಣಗಳಲ್ಲಿ ಕಾದುತ್ತಿದ್ದವರಲ್ಲಿ ಹೆಚ್ಚಿನವರು ಗುಲಾಮರು, ಯುದ್ಧಕೈದಿಗಳು, ಶಿಕ್ಷೆಗೊಳಗಾದ ಅಪರಾಧಿಗಳು. ಕೊಲೊಸಿಯಂ ಏಳುವುದಕ್ಕೂ ಮೊದಲು, ಇಂಥದೇ ಒಂದು ಮಧ್ಯಾಹ್ನದ ಪ್ರದರ್ಶನಕ್ಕೆ ವಿನೋದವನ್ನು ಬಯಸಿ ಹೋದ ದಾರ್ಶನಿಕ ಸೆನೆಕಾ, ಮೈಗೆ ರಕ್ಷಣೆಯಿಲ್ಲದ ಮನುಷ್ಯರನ್ನು ಪರಸ್ಪರ ಕೊಲ್ಲಲು ಬಿಟ್ಟುದನ್ನು ಕಂಡ. ಆ ಜನಜಂಗುಳಿಯಿಂದ ತಾನು ಮೊದಲಿಗಿಂತ ಕ್ರೂರಿಯಾಗಿ ಮರಳಿದೆನೆಂದು ಗೆಳೆಯ ಲುಸಿಲಿಯಸ್‌ಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡ. ಕಣದಲ್ಲಿ ಸತ್ತವನ ಜೊತೆಗೆ ನೋಡಿದವನೊಳಗೂ ಏನೋ ಸಾಯುತ್ತದೆ ಎಂಬುದು ಅವನ ಆತಂಕವಾಗಿತ್ತು.

ಸಂತ ಆಗಸ್ಟೀನನ ಆತ್ಮನಿವೇದನೆಯಲ್ಲಿ ಬರುವ ಅಲಿಪಿಯಸ್‌ನ ಪ್ರಸಂಗ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. ಅವನು ಕಾನೂನು ಕಲಿಯಲು ರೋಮಿಗೆ ಬಂದಿದ್ದ ತರುಣ. ಗ್ಲಾಡಿಯೇಟರುಗಳ ಕಾಳಗವನ್ನು ದ್ವೇಷಿಸುತ್ತಿದ್ದ. ಗೆಳೆಯರು ಬಲವಂತವಾಗಿ ಎಳೆದೊಯ್ದಾಗ ಕಣ್ಣು ಮುಚ್ಚಿ ಕುಳಿತ. ಯಾರೋ ಬಿದ್ದಾಗ ಎದ್ದ ಜನರ ಬೊಬ್ಬೆ ಕಿವಿಗೆ ಅಪ್ಪಳಿಸಿತು. ಕುತೂಹಲ ತಡೆಯದೆ ಕಣ್ಣು ತೆರೆದ. ಅಲ್ಲಿಂದ ಮುಂದೆ ಕಣ್ಣು ಕೀಳಲಾಗಲಿಲ್ಲ. ತಾನೂ ಕೂಗಿದ, ಮರಳಿ ಮರಳಿ ಹೋದ, ಇತರರನ್ನೂ ಕರೆದೊಯ್ದ. ಅವನನ್ನು ಸೆಳೆದದ್ದು ಮೊದಲು ನೆತ್ತರಲ್ಲ, ನೆರೆದವರ ದನಿ. ಗುಂಪಿನ ಉನ್ಮಾದ ಒಳ್ಳೆಯವನ ಕಣ್ಣನ್ನೂ ತೆರೆಸಬಲ್ಲದು ಎಂಬ ಈ ಸತ್ಯ ಹದಿನಾರು ಶತಮಾನಗಳ ಬಳಿಕವೂ ಹಳತಾಗಿಲ್ಲ.

ಇದು ಪಶ್ಚಿಮದವರ ವ್ಯಸನ, ಈ ನೆಲಕ್ಕೆ ಸಂಬಂಧಿಸಿದ್ದಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಉಮರಗಾದ ನೆರೆಯ ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ರಾಜನ ವಿನೋದಗಳನ್ನು ವಿವರಿಸುವ ಅದರ ಭಾಗದಲ್ಲಿ ಮಲ್ಲರ ಕುಸ್ತಿ, ಆನೆ, ಟಗರು, ಕೋಳಿಗಳ ಕಾಳಗಗಳ ಜೊತೆಗೆ ‘ಅಂಕವಿನೋದ’ವೂ ಸೇರಿದೆ. ಅಂಕವೆಂದರೆ ಇಲ್ಲಿ ದೊರೆಯ ಸಮ್ಮುಖದಲ್ಲಿ ಆಯುಧ ಹಿಡಿದು ಇಬ್ಬರು ನಡೆಸುವ ದ್ವಂದ್ವ. ಹಳೆಗನ್ನಡದ ‘ಅಂಕಕಾರ’ ಎಂಬ ಪದದಲ್ಲಿಯೂ ತುಳುನಾಡಿನ ‘ಕೋಳಿ ಅಂಕ’ದಲ್ಲಿಯೂ ಉಳಿದಿರುವುದು ಇದೇ ಅರ್ಥ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಮಹಾನವಮಿಯ ಮಲ್ಲಯುದ್ಧದಲ್ಲಿ ಹಲ್ಲು ಮುರಿದು, ಮುಖ ವಿಕಾರಗೊಂಡು, ಮಾತು ನಿಂತ ಸ್ಥಿತಿಯಲ್ಲಿ ಹೊತ್ತೊಯ್ಯಲ್ಪಟ್ಟವರನ್ನು ವರ್ಣಿಸಿದ್ದಾನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಇಂದಿಗೂ ಜಟ್ಟಿಗಳು ಬೆರಳಿಗೆ ಮೊನೆಯುಳ್ಳ ಆಯುಧ ತೊಟ್ಟು ಸೆಣಸುತ್ತಾರೆ. ಆದರೆ ಅಲ್ಲೊಂದು ಕಟ್ಟಳೆಯಿದೆ: ಒಬ್ಬನ ತಲೆಯಿಂದ ನೆತ್ತರು ಜಿನುಗಿದೊಡನೆ ಕಾಳಗ ನಿಲ್ಲಬೇಕು. ಧಾರಾವಾಹಿಯ ಕಾಳಗ ಆರಂಭವಾಗುವುದೇ ಆ ಹನಿಯ ನಂತರ.

‘ಅಂಕ’ ಎಂಬ ಪದಕ್ಕೆ ನಾಟಕದ ಒಂದು ಭಾಗ ಎಂಬ ಅರ್ಥವೂ ಉಂಟು. ಭರತನ ನಾಟ್ಯಶಾಸ್ತ್ರ ಯುದ್ಧ, ರಾಜ್ಯನಾಶ, ಮರಣ, ನಗರದ ಮುತ್ತಿಗೆ ಇವುಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದ ಮೂಲಕ ಸೂಚಿಸಬೇಕೆಂದು ವಿಧಿಸುತ್ತದೆ. ಆಸ್ಥಾನದ ಅಂಕದಲ್ಲಿ ಕಣ್ಣಾರೆ ಕಾಣುವ ನೆತ್ತರು ರಂಗಭೂಮಿಯ ಅಂಕದಲ್ಲಿ ಮಾತಾಗಿ ಬರಬೇಕು. ಇದನ್ನು ಕೇವಲ ಮಡಿವಂತಿಕೆ ಎನ್ನಲಾಗದು. ಭರತ ಬೀಭತ್ಸವನ್ನೂ ರೌದ್ರವನ್ನೂ ರಸಗಳ ಪಂಕ್ತಿಯಲ್ಲೇ ಇರಿಸಿದವನು. ಹಿಂಸೆ ಕಲೆಯ ವಸ್ತುವಾಗಬಾರದೆಂಬುದು ಅವನ ಮತವಲ್ಲ. ಜುಗುಪ್ಸೆ ರಸವಾಗಬೇಕಾದರೆ ನೋಡುವವನಿಗೂ ನೋಟಕ್ಕೂ ನಡುವೆ ಒಂದಿಷ್ಟು ಅಂತರ ಬೇಕು. ಆ ಅಂತರ ಅಳಿದರೆ ಉಳಿಯುವುದು ನರಗಳ ಉದ್ರೇಕ ಮಾತ್ರ.

ಭಾಸನ ‘ಊರುಭಂಗ’ ಈ ವಿವೇಕಕ್ಕೆ ಉಜ್ವಲ ನಿದರ್ಶನ. ಭೀಮ ದುರ್ಯೋಧನರ ಗದಾಯುದ್ಧವನ್ನು ಭಾಸ ರಂಗದ ಮೇಲೆ ತರುವುದಿಲ್ಲ. ಮೂವರು ಭಟರು ಅದನ್ನು ಕಂಡು ವರ್ಣಿಸುತ್ತಾರೆ. ರಂಗಕ್ಕೆ ಬರುವವನು ತೊಡೆ ಮುರಿದು ತೆವಳುವ ದುರ್ಯೋಧನ. ಏನೂ ಅರಿಯದ ಅವನ ಪುಟ್ಟ ಮಗ ದುರ್ಜಯ ತಂದೆಯ ತೊಡೆಯೇರಲು ಬರುತ್ತಾನೆ. ರಂಗದ ಮೇಲೆ ಸಾವು ಬೇಡವೆಂಬ ಕಟ್ಟಳೆಯನ್ನು ಭಾಸ ಕೊನೆಗೆ ಮುರಿಯುವುದೂ ನಿಜ. ದುರ್ಯೋಧನ ಪ್ರೇಕ್ಷಕರ ಎದುರಿನಲ್ಲೇ ಪ್ರಾಣ ಬಿಡುತ್ತಾನೆ. ಹೀಗೆ ಹೊಡೆತವನ್ನು ಮರೆಮಾಡಿ ಅದರ ಫಲವನ್ನು ತೋರಿಸುವುದು ಭಾಸನ ಆಯ್ಕೆ. ಗ್ಲಾಡಿಯೇಟರ್ ಧಾರಾವಾಹಿ ಅನೇಕ ವೇಳೆ ಇದನ್ನು ತಲೆಕೆಳಗಾಗಿಸುತ್ತದೆ: ಹೊಡೆತ ಕಣ್ತುಂಬ ಕಾಣುತ್ತದೆ, ಸತ್ತವನ ಮನೆ ಕಾಣುವುದೇ ಇಲ್ಲ.

ಕನ್ನಡ ಐಚ್ಛಿಕ ವಿದ್ಯಾರ್ಥಿಗೆ ಪಠ್ಯವಾಗಿ ಪರಿಚಿತನಾದ ರನ್ನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅವನ ಪೋಷಕ ಸತ್ಯಾಶ್ರಯನ ಬಿರುದು ‘ಇರಿವಬೆಡಂಗ’. ಇರಿತದಲ್ಲೇ ಬೆಡಗನ್ನು ಕಂಡ ಕಾಲವದು. ಅವನನ್ನು ಭೀಮನೊಡನೆ ಸಮೀಕರಿಸಿ ಕಾವ್ಯಕ್ಕೆ ‘ಸಾಹಸಭೀಮ ವಿಜಯ’ವೆಂಬ ಹೆಸರನ್ನಿಟ್ಟ ಕವಿ, ಗೆದ್ದವನ ಕೇಕೆಗೆ ತಾಳ ಹಾಕಿ ಸುಮ್ಮನಾಗಬಹುದಿತ್ತು. ಹಾಗಾಗಲಿಲ್ಲ. ಸೋಲಲಿರುವ ದುರ್ಯೋಧನನನ್ನು ಸಂಜಯನೊಡನೆ ಹೆಣಗಳ ನಡುವೆ ನಡೆಸಿದ. ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ಅವನನ್ನು ನಿಲ್ಲಿಸಿದ. ಮಗ ಲಕ್ಷಣಕುಮಾರನಿಗಾಗಿ ಅಳುವ ಆ ತಂದೆ, ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಶವದ ಮುಂದೆ ಅವನ ಶೌರ್ಯವನ್ನು ಮನಸಾರೆ ಕೊಂಡಾಡುತ್ತಾನೆ. ಗದಾಯುದ್ಧ ಆರಂಭವಾಗುವ ಮೊದಲೇ ಓದುಗ ಯುದ್ಧದ ಬೆಲೆಯನ್ನು ಎಣಿಸಿ ಮುಗಿಸಿರುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಎಂಬ ದುರಂತನಾಟಕವಾಗಿ ಅಳವಡಿಸಲು ಸಾಧ್ಯವಾದುದು ಈ ಕಾರಣದಿಂದಲೇ. ಅವರೇ ಕನ್ನಡಕ್ಕೆ ತಂದ ಈಸ್ಕಿಲಸ್‌ನ ‘ಪಾರಸಿಕರು’ ನಾಟಕವೂ ಇದೇ ದಾರಿಯದು: ಗೆದ್ದ ಗ್ರೀಕ್ ಕವಿ ತನ್ನವರ ವಿಜಯವನ್ನು ಸೋತ ಪರ್ಷಿಯನ್ನರ ಅಳಲಿನ ಮೂಲಕ ತನ್ನ ಊರಿನವರಿಗೇ ತೋರಿಸಿದ.

ಮರಾಠವಾಡದ ಹಳ್ಳಿಗಳಲ್ಲಿ ಉಳಿದಿರುವ ವೀರಗಲ್ಲುಗಳೂ ಇದೇ ಪಾಠವನ್ನು ಹೇಳುತ್ತವೆ. ಮರಾಠಿಯು ಅವನ್ನು ‘ವೀರಗಳ’ ಎಂದು ಕನ್ನಡದ ಪದದಿಂದಲೇ ಕರೆಯುತ್ತದೆ. ಸಾಮಾನ್ಯವಾಗಿ ಇಂಥ ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗಪೂಜೆ. ಶಿಲ್ಪಿ ಕಾಳಗವನ್ನು ಬಚ್ಚಿಡಲಿಲ್ಲ. ಅದಕ್ಕೆ ತಕ್ಕಷ್ಟೇ ಜಾಗ ಕೊಟ್ಟ. ವೀರಗಲ್ಲು ಬಲಿದಾನವನ್ನು ವೈಭವೀಕರಿಸುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೂ ಅದು ಸತ್ತವನ ನೆನಪಿಗೆ ನಿಂತ ಕಲ್ಲು; ಕೊಂದವನ ಕೈಚಳಕಕ್ಕೆ ನಿಂತದ್ದಲ್ಲ.

ಇತ್ತೀಚಿನ ಒಂದು ಉದಾಹರಣೆ ಈ ಚರ್ಚೆಯನ್ನು ಮನೆಬಾಗಿಲಿಗೆ ತರುತ್ತದೆ. 2025ರ ಫೆಬ್ರುವರಿ 14ರಂದು ತೆರೆಕಂಡ ‘ಛಾವಾ’ ಹಿಂದಿ ಚಲನಚಿತ್ರ ಸಂಭಾಜಿ ಮಹಾರಾಜರು 1689ರಲ್ಲಿ ಅನುಭವಿಸಿದ ಚಿತ್ರಹಿಂಸೆಯನ್ನು ವಿಸ್ತಾರವಾಗಿ ತೋರಿಸಿತು. ಚಿತ್ರಮಂದಿರಗಳಲ್ಲಿ ಅನೇಕರು ಕಣ್ಣೀರಿಟ್ಟರು. ಆ ಕಣ್ಣೀರು ಪ್ರಾಮಾಣಿಕವಾದುದು. ನರಳುವವನ ಪಕ್ಕದಲ್ಲಿ ಕುಳಿತವನ ಕಣ್ಣೀರು. ಆದರೆ ಗುಜರಾತಿನ ಭರೂಚ್‌ನಲ್ಲಿ ಪ್ರೇಕ್ಷಕನೊಬ್ಬ ಚಿತ್ರಮಂದಿರದ ತೆರೆಯನ್ನೇ ಹರಿದ. ಮಾರ್ಚ್ 17ರಂದು ಔರಂಗಜೇಬನ ಗೋರಿಯ ವಿವಾದದ ಹಿನ್ನೆಲೆಯಲ್ಲಿ ನಾಗಪುರದಲ್ಲಿ ಗಲಭೆ ನಡೆದು ಜೀವಹಾನಿಯಾಯಿತು. ಗಲಭೆಗೆ ಚಿತ್ರವೊಂದೇ ಕಾರಣವೆನ್ನುವುದು ಸರಿಯಾಗದು. ಆದರೆ ಈ ಚಿತ್ರದಿಂದ ಜನರ ಭಾವನೆಗಳು ಕೆರಳಿದ್ದವೆಂದು ಮಹಾರಾಷ್ಟ್ರದ ಮುಖ್ಯಮಂತ್ರಿಗಳೇ ವಿಧಾನಸಭೆಯಲ್ಲಿ ಹೇಳಿದರು. ನೋವಿನ ನೋಟ ಕರುಣೆಯಾಗಿ ನಿಲ್ಲದೆ ಇಂದಿನ ನೆರೆಯವನ ಮೇಲಿನ ಕೋಪವಾಗಿ ಹರಿಯುವ ಅಪಾಯ ಇಲ್ಲಿದೆ. ಕನ್ನಡ, ಮರಾಠಿ, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ ಗಡಿನಾಡಿಗೆ ಈ ಅಪಾಯ ಸಣ್ಣದಲ್ಲ.

ಇದಕ್ಕೆ ನಿಷೇಧ ಪರಿಹಾರವೇ? ಅಲ್ಲ. ಇತಿಹಾಸ ರಕ್ತಸಿಕ್ತವಾಗಿತ್ತು, ಅದನ್ನು ಹಾಲು ಬಿಳುಪಾಗಿ ತೋರಿಸುವುದು ಸುಳ್ಳು. ಕ್ರಿ.ಪೂ. 73ರಲ್ಲಿ ಕಪುವಾದ ಗ್ಲಾಡಿಯೇಟರ್ ಶಾಲೆಯಿಂದ ಸ್ಪಾರ್ಟಕಸ್ ತನ್ನ ಸಂಗಡಿಗರೊಡನೆ ತಪ್ಪಿಸಿಕೊಂಡ. ಎರಡು ವರ್ಷಗಳ ನಂತರ ಬಂಡಾಯ ಸೋತಾಗ ಸೆರೆಸಿಕ್ಕ ಆರು ಸಾವಿರ ಮಂದಿಯನ್ನು ಕಪುವಾದಿಂದ ರೋಮಿನವರೆಗೆ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಲಾಯಿತು. ಈ ಸಂಗತಿಯನ್ನು ಹೇಳುವ ಕೃತಿ ಪ್ರೇಕ್ಷಕನನ್ನು ನೋಯಿಸಲೇಬೇಕು. ಧಾರಾವಾಹಿಯ ಗುಣವನ್ನೂ ಒಪ್ಪಬೇಕು: ಒಡೆಯನ ಮನೆಯ ನೆಲಮಾಳಿಗೆಯಲ್ಲಿ ಬದುಕುವ ಗುಲಾಮರ ದುಃಖ, ಸ್ನೇಹ, ಮಾನಗಳನ್ನು ಅದು ಹತ್ತಿರದಿಂದ ಕಾಣಿಸಿತು. ಅದರ ದೋಷವಿರುವುದು ಕಣದ ದೃಶ್ಯಗಳಲ್ಲಿ. ಸಾವಿಗೆ ಕೂಗುವ ರೋಮನ್ ಜನರನ್ನು ಕೀಳೆಂದು ತೋರಿಸುತ್ತಲೇ, ಅದೇ ಸಾವನ್ನು ಅಂದಗೊಳಿಸಿ ಮನೆಯಲ್ಲಿ ಕುಳಿತವನಿಗೂ ಬಡಿಸಿತು. ಹೇಸಿ ಎದ್ದವರನ್ನು ದುರ್ಬಲರೆಂದು ನಗುವುದೂ, ಕೊನೆಯವರೆಗೂ ನೋಡಿದವರನ್ನು ಕ್ರೂರರೆಂದು ಹಳಿಯುವುದೂ ಸಮನಾದ ಆತುರ. ಹೇಸಿಗೆ ಆರೋಗ್ಯವಂತ ಮನಸ್ಸಿನ ಲಕ್ಷಣ. ಅದು ಮಾಯವಾಗುವ ಕ್ಷಣವನ್ನು ನೋಡುಗ ತಾನೇ ಗುರುತಿಸಿಕೊಳ್ಳಬೇಕು. ವಜ್ರಮುಷ್ಟಿಯ ಕಣದಲ್ಲಿ ಕಾಳಗ ನಿಲ್ಲಿಸಲು ಹಿರಿಯನೊಬ್ಬನಿರುತ್ತಾನೆ. ಕೈಯಲ್ಲಿ ಮೊಬೈಲ್ ಹಿಡಿದು ಒಬ್ಬನೇ ಕುಳಿತವನಿಗೆ ಆ ಹಿರಿಯ ಅವನೊಳಗೇ ಇರಬೇಕಾಗುತ್ತದೆ.

ಆ ಹಿರಿತನ ಉಪದೇಶದಿಂದ ಬರುವಂಥದಲ್ಲ, ಓದಿನಿಂದ ಬೆಳೆಯಬಲ್ಲದು. ಗದಾಯುದ್ಧದ ರಣಭೂಮಿಯ ಭಾಗವನ್ನೂ ಇಂಥ ಧಾರಾವಾಹಿಯ ಒಂದು ಕಂತನ್ನೂ ಎದುರುಬದುರು ಇಟ್ಟು ತರಗತಿಯಲ್ಲಿ ಚರ್ಚಿಸಲು ಯಾವ ಅಡ್ಡಿಯೂ ಇಲ್ಲ. ಬಿದ್ದವನಿಗೆ ಹೆಸರಿದೆಯೇ? ಅವನಿಗಾಗಿ ಅಳುವವರು ಯಾರಾದರೂ ಕಾಣಿಸುತ್ತಾರೆಯೇ? ಮುಂದಿನ ಕಾಳಗಕ್ಕೆ ಕಣದ ಮಣ್ಣನ್ನು ಹಸನುಮಾಡುವ ಮೊದಲು ಕತೆ ಅರೆಗಳಿಗೆಯಾದರೂ ಅಲ್ಲಿ ನಿಲ್ಲುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಎರಡೂ ಕೃತಿಗಳಿಗೆ ಕೇಳಿದರೆ, ರನ್ನನನ್ನು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಓದಬೇಕಾಗಿಲ್ಲ ಎಂಬುದು ವಿದ್ಯಾರ್ಥಿಗಳಿಗೆ ತಾನಾಗಿ ತಿಳಿಯುತ್ತದೆ.