ಪರದೇಶದ ಪಂಕ್ತಿಭೋಜನ

ಆರು ದಿನ ಅನ್ಯರ ಮನೆಯಲ್ಲಿ ಅಡಿಗೆ ಮಾಡಿ ಬಡಿಸುವವರು ಏಳನೆಯ ದಿನ ಏನನ್ನು ಉಣ್ಣುತ್ತಾರೆ? ಹಾಂಗ್‌ಕಾಂಗ್ ನಗರದ ಮಧ್ಯಭಾಗದಲ್ಲಿ ಪ್ರತಿ ಭಾನುವಾರವೂ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಮನೆಗೆಲಸಕ್ಕಾಗಿ ಅಲ್ಲಿಗೆ ಬಂದಿರುವ 3 ಲಕ್ಷಕ್ಕೂ ಮಿಕ್ಕಿದ ವಿದೇಶೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫಿಲಿಪ್ಪೀನ್ಸ್ ದೇಶದವರು. ಅವರಲ್ಲಿ ಬಹುಪಾಲು ಸ್ತ್ರೀಯರು. ಅಂದು ವಾಹನಸಂಚಾರವಿಲ್ಲದ ಚೇಟರ್ ರಸ್ತೆಯಲ್ಲಿ ರಟ್ಟಿನ ಹಾಳೆಗಳನ್ನು ಹಾಸಿ, ಗೆಳತಿಯರು ಗುಂಪುಗುಂಪಾಗಿ ಕುಳಿತು ಊಟದ ಡಬ್ಬಿಗಳನ್ನು ತೆರೆಯುತ್ತಾರೆ.

ಅಲ್ಲಿಯ ನಿಯಮದಂತೆ ಇವರು ಯಜಮಾನರ ಮನೆಯಲ್ಲಿಯೇ ವಾಸಿಸಬೇಕು. ತಮ್ಮದೆನ್ನಲು ಒಲೆಯಿಲ್ಲ, ಅತಿಥಿಯನ್ನು ಕರೆಯಲು ಜಗಲಿಯಿಲ್ಲ. ಆದ್ದರಿಂದಲೇ ಡಬ್ಬಿಯೊಳಗಿನ ಅಡಿಗೆಗೆ ಅಷ್ಟು ಬೆಲೆ. ಬೆಳ್ಳುಳ್ಳಿ, ಕಾಳುಮೆಣಸು, ವಿನೆಗರ್ ಹಾಗೂ ಸೋಯಾ ಸಾಸ್‌ನಲ್ಲಿ ಮಾಂಸವನ್ನು ಬೇಯಿಸಿದ ‘ಅಡೋಬೊ’ ಹುಳಿಯ ದೆಸೆಯಿಂದ ಬೇಗ ಕೆಡದು. ಹುಣಿಸೆಹುಳಿಯ ‘ಸಿನಿಗಾಂಗ್’ ಸಾರು ಕನ್ನಡಿಗರ ನಾಲಗೆಗೂ ತೀರ ಪರಕೀಯವೆನಿಸದು. ಹಾದುಹೋಗುವ ಪರಿಚಿತರಿಗೆ ‘ಕಾಯಿನ್ ತಾಯೊ’ ಎಂಬ ಕರೆ. ‘ಬನ್ನಿ, ಉಣ್ಣೋಣ’ ಎಂದೇ ಅದರ ಅರ್ಥ.

ಇದನ್ನು ಬೀದಿಯ ಗದ್ದಲವೆಂದು ಹಳಿಯುವವರುಂಟು. ಆದರೆ ಆರೋಗ್ಯದ ದೃಷ್ಟಿಯಿಂದ ನೋಡಿದರೆ ಇದೊಂದು ಔಷಧವೇ ಸರಿ. ಜಗತ್ತಿನಲ್ಲಿ ಪ್ರತಿ 6 ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರೆಂದೂ, ಅದು ಹೃದ್ರೋಗ, ಪಾರ್ಶ್ವವಾಯು, ಖಿನ್ನತೆಗಳ ಸಂಭವವನ್ನು ಹೆಚ್ಚಿಸುವುದೆಂದೂ ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ತಿಳಿಸಿದೆ. ಮಕ್ಕಳನ್ನು ಊರಿನಲ್ಲಿ ಬಿಟ್ಟು, ಪರರ ಮಕ್ಕಳನ್ನು ಸಾಕುವ ತಾಯಿಯ ಒಂಟಿತನಕ್ಕೆ ಅಂಗಡಿಯ ಗುಳಿಗೆ ಸಾಕಾಗದು. ಸ್ವಂತ ಭಾಷೆಯಲ್ಲಿ ನಕ್ಕು, ಸ್ವಂತ ರುಚಿಯನ್ನು ಹಂಚಿಕೊಂಡು ಉಂಡಾಗಲೇ ಆ ಭಾರ ತುಸುವಾದರೂ ಇಳಿದೀತು.

ಒಂದು ಎಚ್ಚರಿಕೆಯೂ ಅಗತ್ಯ. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿಯೇ ಸುಮಾರು 2 ಗ್ರಾಂ ಉಪ್ಪಿರುತ್ತದೆ; ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ಅದೇ ಸಂಸ್ಥೆಯ ಸಲಹೆ. ಹುಳಿಯನ್ನೂ ಬೆಳ್ಳುಳ್ಳಿಯನ್ನೂ ಮುಂದುಮಾಡಿ ಸಾಸನ್ನು ತಗ್ಗಿಸಿದರೆ ರುಚಿಗೆ ಕೊರತೆಯಾಗದು.

ಏಳು ದಿನಗಳಿಗೊಮ್ಮೆ ಪೂರ್ಣ ವಿರಾಮವನ್ನು ಹಾಂಗ್‌ಕಾಂಗಿನ ಕಾನೂನು ವಿಧಿಸಿದೆ. ಆದರೆ ಶನಿವಾರ ರಾತ್ರಿ ಅಡಿಗೆಮನೆಯನ್ನು ಒಂದು ಗಂಟೆ ಬಿಟ್ಟುಕೊಡುವ ಔದಾರ್ಯವನ್ನು ಯಾವ ಕಾನೂನು ವಿಧಿಸೀತು? ಅದು ಮನೆಯೊಡತಿಯ ಮನಸ್ಸಿಗೆ ಸೇರಿದ್ದು. ಕೆಲಸದವರನ್ನು ಇರಿಸಿಕೊಂಡ ಗೃಹಸ್ಥರು ಯಾವ ನಾಡಿನವರೇ ಆಗಲಿ, ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಮಗೆ ಬಡಿಸುವ ಕೈ ತನ್ನವರಿಗೆ ಬಡಿಸುವುದು ಎಂದು?